ಭಾನುವಾರವೇ ಡ್ಯೂಟಿ: ಬೆಂಗಳೂರಿನಲ್ಲಿ ಬೇಸಿಗೆಯ ವಿಜ್ಞಾನ ಪ್ರಸಾರ ಇಂಟರ್ನ್‌ಶಿಪ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್ ಆಗಿರುವ ನಿಮ್ಮ ಗೆಳತಿಗೆ ಶನಿವಾರ, ಭಾನುವಾರ ರಜೆ. ಲ್ಯಾಬಿನಲ್ಲಿ ಪೈಪೆಟ್ ಹಿಡಿದಿರುವ ಗೆಳೆಯನಿಗೆ ಗೈಡ್ ಕಾನ್ಫರೆನ್ಸಿಗೆ ಹೋದ ದಿನವೆಲ್ಲ ಅರೆ ರಜೆ. ವಿಜ್ಞಾನ ಪ್ರಸಾರಕ್ಕೆ ಸೇರಿದ ನಿಮಗೆ ಮಾತ್ರ ಊರಿಗೆಲ್ಲ ರಜೆ ಇದ್ದ ದಿನವೇ ಮೈತುಂಬ ಕೆಲಸ. ತಾರಾಲಯ, ಮ್ಯೂಸಿಯಂ, ವಿಜ್ಞಾನ ಶಿಬಿರ, ಟೆಲಿಸ್ಕೋಪ್ ಇಟ್ಟು ಚಂದ್ರನನ್ನು ತೋರಿಸುವ ಸಂಜೆ, ಇವೆಲ್ಲ ನಡೆಯುವುದೇ ಜನರಿಗೆ ಬಿಡುವಿದ್ದಾಗ. ಅದರ ಮೇಲೆ, ನಿಮ್ಮ ಕೆಲಸವೆಂದರೆ ದಿನವಿಡೀ ಮಾತು. ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರರವರೆಗೆ ಅಪರಿಚಿತರ ಜೊತೆ ನಗುನಗುತ್ತಾ ಮಾತಾಡಿದವರಿಗೆ ಏಳು ಗಂಟೆಗೆ ಗೆಳೆಯರ ಗುಂಪಿನಲ್ಲಿ ಕೂತು ಇನ್ನಷ್ಟು ಹರಟುವ ಚೈತನ್ಯ ಉಳಿದಿರುವುದಿಲ್ಲ.

ಹಾಗಾಗಿ ಕೆಲಸ ಮತ್ತು ಬದುಕಿನ ಹೊಂದಾಣಿಕೆಯ ಬಗ್ಗೆ ಎಲ್ಲೆಡೆ ಸಿಗುವ ಸಲಹೆಗಳು ಇಲ್ಲಿ ಉಲ್ಟಾ ಹೊಡೆಯುತ್ತವೆ. ‘ವೀಕೆಂಡ್ ನಿಮಗಾಗಿ ಇಟ್ಟುಕೊಳ್ಳಿ’ ಅನ್ನುತ್ತಾರೆ, ವೀಕೆಂಡೇ ಇಲ್ಲ. ‘ದಣಿದಾಗ ನಾಲ್ಕು ಜನರ ಜೊತೆ ಬೆರೆಯಿರಿ’ ಅನ್ನುತ್ತಾರೆ. ದಣಿದಿರುವುದೇ ನಾನೂರು ಜನರ ಜೊತೆ ಬೆರೆತು. ಈ ಕೆಲಸದಲ್ಲಿ ಸಮಯಕ್ಕಿಂತ ಮೊದಲು ಮುಗಿಯುವುದು ಮಾತು. ಅದನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂದು ಲೆಕ್ಕ ಹಾಕಿದವರಿಗೆ ಬೆಂಗಳೂರಿನ ಬೇಸಿಗೆ ಚೆನ್ನಾಗಿಯೇ ಕಳೆಯುತ್ತದೆ.

ಹೆಜ್ಜೆ 1: ಸೇರುವ ಮೊದಲು ವಾರದ ರಜೆ ಯಾವತ್ತು ಎಂದು ಕೇಳಿ

ಸಂದರ್ಶನದಲ್ಲಿ ನಾವು ಕೇಳುವುದು ಸ್ಟೈಪೆಂಡ್ ಎಷ್ಟು, ಸರ್ಟಿಫಿಕೇಟ್ ಕೊಡ್ತಾರಾ ಅಂತ. ರಜೆಯ ವಿಷಯ ಎತ್ತಿದರೆ ಸೋಮಾರಿ ಅಂದುಕೊಂಡಾರು ಎಂಬ ಅಳುಕು. ಕೇಳಲೇಬೇಕು, ಏಕೆಂದರೆ ಉತ್ತರ ಸಂಸ್ಥೆಯಿಂದ ಸಂಸ್ಥೆಗೆ ಪೂರಾ ಬೇರೆ. ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸೋಮವಾರ ರಜೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ ಗಣೇಶ ಚತುರ್ಥಿ, ದೀಪಾವಳಿ ಬಿಟ್ಟರೆ ವರ್ಷವಿಡೀ ತೆರೆದಿರುತ್ತದೆ. ಅಂಥ ಕಡೆ ಸರದಿಯ ಮೇಲೆ ರಜೆ. ಹಳ್ಳಿ ಶಾಲೆಗಳಿಗೆ ವ್ಯಾನಿನಲ್ಲಿ ಪ್ರಯೋಗದ ಸಾಮಾನು ಹೊತ್ತೊಯ್ಯುವ ಸಂಸ್ಥೆಗಳಲ್ಲಿ ಶಾಲೆಯ ರಜೆಯೇ ನಿಮ್ಮ ರಜೆ.

ಕೇಳಬೇಕಾದ ಇನ್ನೂ ಕೆಲವು ಇವೆ. ಸಂಜೆಯ ಕಾರ್ಯಕ್ರಮ ತಿಂಗಳಿಗೆ ಸುಮಾರು ಎಷ್ಟು? ರಾತ್ರಿ ಹತ್ತಾದರೆ ಮನೆ ತಲುಪಿಸುವ ವ್ಯವಸ್ಥೆ ಇದೆಯೇ? ಎರಡು ಭಾನುವಾರ ಸತತವಾಗಿ ದುಡಿದರೆ ಬದಲಿ ರಜೆ ಸಿಗುತ್ತದೆಯೇ, ಅದನ್ನು ಕೂಡಿಸಿಟ್ಟು ಊರಿಗೆ ಹೋಗಬಹುದೇ? ಉತ್ತರಗಳನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ‘ಅಡ್ಜಸ್ಟ್ ಮಾಡೋಣ’ ಅಂದದ್ದು ಜೂನ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 2: ಮೂರು ಕ್ಯಾಲೆಂಡರ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನೇ ಓದಿ ಮುಚ್ಚಿಟ್ಟರೂ ನನಗೆ ಬೇಸರವಿಲ್ಲ. ಸೇರಿದ ಮೊದಲ ವಾರ ಒಂದು ಸಂಜೆ ಕೂತು ಶಾಲೆಯ ಕ್ಯಾಲೆಂಡರ್, ಆಕಾಶದ ಕ್ಯಾಲೆಂಡರ್ ಮತ್ತು ಮನೆಯವರ ಕ್ಯಾಲೆಂಡರ್ ಮೂರನ್ನೂ ಒಂದೇ ಹಾಳೆಗೆ ಇಳಿಸಿ.

ಶಾಲೆಯದು ಮೊದಲು. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಸುಮಾರಿಗೆ ಬೇಸಿಗೆ ರಜೆ ಶುರುವಾಗಿ ಮೇ ಕೊನೆಯಲ್ಲಿ ಮತ್ತೆ ಗಂಟೆ ಬಾರಿಸುತ್ತದೆ. ಇದರಿಂದ ನಿಮ್ಮ ಇಂಟರ್ನ್‌ಶಿಪ್ ಎರಡು ಹೋಳಾಗುತ್ತದೆ. ಮೇ ಮುಗಿಯುವವರೆಗೆ ಶಿಬಿರಗಳು, ತುಂಬಿ ತುಳುಕುವ ಮ್ಯೂಸಿಯಂ, ಅಜ್ಜಿಮನೆಗೆ ಬಂದ ಮಕ್ಕಳನ್ನು ಕರೆತರುವ ಮಾವಂದಿರು. ಶನಿವಾರ, ಭಾನುವಾರ, ಸಂಜೆ ಎಲ್ಲವೂ ಹೋಯಿತು ಅಂದುಕೊಳ್ಳಿ. ಜೂನ್‌ನಿಂದ ಶಾಲಾ ಭೇಟಿಗಳು. ಆಗ ವಾರದ ದಿನಗಳಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸಾಮಾನಿನ ಜೊತೆ ಗೇಟಿನ ಮುಂದೆ ನಿಂತಿರಬೇಕು, ಆದರೆ ಸಂಜೆಗಳು ಮರಳಿ ಸಿಗುತ್ತವೆ. ಗೆಳೆಯರಿಗೆ ಈ ವಿಷಯ ಮೊದಲೇ ಹೇಳಿಬಿಟ್ಟರೆ ಮೇ ತಿಂಗಳಲ್ಲಿ ‘ನೀನು ಕೈಗೇ ಸಿಗ್ತಿಲ್ಲ’ ಎಂಬ ಆಪಾದನೆ ತಪ್ಪುತ್ತದೆ.

ಆಕಾಶದ ಕ್ಯಾಲೆಂಡರ್‌ಗೆ ಮನೆಯಲ್ಲಿ ನೇತುಹಾಕಿದ ಪಂಚಾಂಗವೇ ಸಾಕು. ಸಾರ್ವಜನಿಕರಿಗೆ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ತೋರಿಸುವ ಕಾರ್ಯಕ್ರಮಗಳನ್ನು ಬಹುತೇಕ ಶುಕ್ಲ ಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಇಡುತ್ತಾರೆ. ಕಾರಣ ಸರಳ. ಅರ್ಧಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ನೆತ್ತಿಯ ಹತ್ತಿರವೇ ಇರುತ್ತದೆ; ಬೆಳಕು ಓರೆಯಾಗಿ ಬೀಳುವ ಅಂಚಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಕಾಣುತ್ತದೆ. ಹುಣ್ಣಿಮೆಯ ಚಂದ್ರ ಟೆಲಿಸ್ಕೋಪಿನಲ್ಲಿ ಬರೀ ಬಿಳಿ ತಟ್ಟೆ. ಅಮಾವಾಸ್ಯೆಯ ಹತ್ತಿರದ ವಾರಾಂತ್ಯಗಳಲ್ಲಿ ನಕ್ಷತ್ರ ನೋಡಲು ಊರಾಚೆ ಹೋಗುವ ಯೋಜನೆ ಬರಬಹುದು. ಅಂದರೆ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆ ದಿನಗಳಲ್ಲಿ ಯಾರಿಗೂ ಮಾತು ಕೊಡಬೇಡಿ. ಜಾತಕ ನೋಡಲು ತೆಗೆಯುವ ಪುಸ್ತಕ ಹೀಗೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಲೆಕ್ಕ ಇಲ್ಲೇ ಸೇರಿಸಿ. ಜೂನ್ ಕೊನೆಯ ವೇಳೆಗೆ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲು ದಾಟಿದ ಮೇಲೆ. ಕತ್ತಲಾಗಿ, ಜನ ಸಾಲು ನಿಂತು, ಕೊನೆಯ ಮಗು ಇನ್ನೊಮ್ಮೆ ನೋಡ್ತೀನಿ ಎಂದು ಹಟ ಹಿಡಿದು, ನೀವು ಟ್ರೈಪಾಡ್ ಮಡಚುವಾಗ ಒಂಬತ್ತೂವರೆ. ಡಿಸೆಂಬರಿನಲ್ಲಾದರೆ ಇದೇ ಕೆಲಸ ಬೇಗ ಮುಗಿಯುತ್ತಿತ್ತು. ಬೇಸಿಗೆಯ ಇಂಟರ್ನ್‌ಗೆ ಕಾರ್ಯಕ್ರಮದ ದಿನ ರಾತ್ರಿ ಊಟದ ಭೇಟಿ ಅನ್ನುವುದು ಇಲ್ಲವೇ ಇಲ್ಲ.

ಮೂರನೆಯದು ಮನೆಯವರ ಕ್ಯಾಲೆಂಡರ್. ಮೇ ತಿಂಗಳು ಅಂದರೆ ಮದುವೆ. ಭಾನುವಾರ ಬೆಳಗಿನ ಮುಹೂರ್ತಕ್ಕೆ ನೀವು ಹೋಗಲಾರಿರಿ. ಆದರೆ ಬೆಂಗಳೂರಿನ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ ಮುಗಿದಿರುತ್ತದೆ. ಶನಿವಾರ ಕೆಲಸ ಮುಗಿಸಿ ನೇರ ಛತ್ರಕ್ಕೆ ಹೋಗಿ, ಫೋಟೊಗೆ ನಿಂತು, ಊಟ ಮಾಡಿ ಬಂದರೆ ಸಂಬಂಧವೂ ಉಳಿಯಿತು, ಭಾನುವಾರದ ಡ್ಯೂಟಿಯೂ ಉಳಿಯಿತು. ತೀರಾ ಹತ್ತಿರದವರ ಮದುವೆಯಾದರೆ ಬದಲಿ ರಜೆಯನ್ನು ಇದಕ್ಕೆಂದೇ ಮೀಸಲಿಡಿ, ಮತ್ತು ತಿಂಗಳ ಮುಂಚೆ ತಿಳಿಸಿ. ಆಷಾಢ ಬಂದರೆ ಮದುವೆಗಳು ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿಗೆ ನಿಮ್ಮ ಭಾನುವಾರಗಳೂ ಹಗುರಾಗಿರುತ್ತವೆ ಎಂಬುದು ಬೇರೆ ವಿಷಯ.

(ಮದುವೆಮನೆಯಲ್ಲಿ ‘ತಾರಾಲಯದಲ್ಲಿದ್ದೀನಿ’ ಅಂದಕೂಡಲೇ ಯಾರೋ ಒಬ್ಬರು ಅಂಗೈ ಚಾಚುತ್ತಾರೆ. ಖಗೋಳಕ್ಕೂ ಜ್ಯೋತಿಷ್ಯಕ್ಕೂ ಇರುವ ವ್ಯತ್ಯಾಸ ವಿವರಿಸಲು ಹೋಗಬೇಡಿ. ಅವತ್ತು ನಿಮ್ಮದು ರಜೆ.)

ಹೆಜ್ಜೆ 3: ಇರುವ ಜಾಗ ಆರಿಸುವಾಗ ಗೇಟಿನ ಸಮಯ ನೋಡಿ

ಹೊರಊರಿನಿಂದ ಬಂದವರು ಪಿಜಿ ಹುಡುಕುವಾಗ ಬಾಡಿಗೆ, ವೈಫೈ, ಬಿಸಿನೀರು ನೋಡುತ್ತಾರೆ. ನೀವು ಮೊದಲು ಕೇಳಬೇಕಾದ್ದು ರಾತ್ರಿ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು. ಹತ್ತಕ್ಕೆ ಬೀಗ ಬೀಳುವ ಕಡೆ ಆಕಾಶ ವೀಕ್ಷಣೆಯ ದಿನ ಜಗಳ ಖಚಿತ. ಸಂಸ್ಥೆಯಿಂದ ಒಂದು ಪತ್ರ ಬರೆಸಿ ಮಾಲೀಕರಿಗೆ ಮೊದಲೇ ಕೊಡಿ. ಹುಡುಗಿಯರ ಪಿಜಿಗಳಲ್ಲಿ ಇದು ಅರ್ಧ ತಲೆನೋವು ಕಳೆಯುತ್ತದೆ. ಕೆಲವು ಪಿಜಿಗಳಲ್ಲಿ ಭಾನುವಾರ ಮಧ್ಯಾಹ್ನ ವಿಶೇಷ ಅಡುಗೆ ಮಾಡಿ ರಾತ್ರಿ ಒಲೆಯನ್ನೇ ಹಚ್ಚುವುದಿಲ್ಲ. ಮಧ್ಯಾಹ್ನ ಡ್ಯೂಟಿಯಲ್ಲಿರುವ ನಿಮಗೆ ಎರಡೂ ಇಲ್ಲ. ಒಂದು ಡಬ್ಬಿ ಎತ್ತಿಡಿಸುವ ಒಪ್ಪಂದ ಮೊದಲ ದಿನವೇ ಆಗಲಿ.

ಓಡಾಟದ ವಿಷಯ. ಕಸ್ತೂರ್ಬಾ ರಸ್ತೆಯ ಸಂಗ್ರಹಾಲಯಕ್ಕೆ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು, ಹಾಗಾಗಿ ನೇರಳೆ ಮಾರ್ಗದಲ್ಲಿ ಎಲ್ಲಿದ್ದರೂ ನಡೆಯುತ್ತದೆ. ಬಳ್ಳಾರಿ ರಸ್ತೆಯ ಕಥೆ ಬೇರೆ. ಸೈನ್ಸ್ ಗ್ಯಾಲರಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ), ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಇವೆಲ್ಲ ಆ ಸಾಲಿನಲ್ಲೇ ಇವೆ. ಬಸ್ಸೇ ಗತಿ, ಹೆಬ್ಬಾಳದ ಟ್ರಾಫಿಕ್ಕೇ ವಿಧಿ. ಅಲ್ಲಿ ಕೆಲಸ ಸಿಕ್ಕಿದವರು ಜಯನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುವ ಆಸೆ ಬಿಟ್ಟು ಸಂಜಯನಗರ, ಆರ್‌.ಟಿ. ನಗರ, ಸಹಕಾರನಗರದ ಕಡೆ ಕೋಣೆ ಹಿಡಿಯುವುದು ಜಾಣತನ. ಬಾಡಿಗೆ ಉಳಿಸಲು ಹೋಗಿ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದರೆ ಗೆಳೆಯರಿಗೆ ಕೊಡಲು ಏನೂ ಉಳಿಯುವುದಿಲ್ಲ. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್ ಉಚಿತ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಬ್ಯಾಗಿನಲ್ಲಿರಲಿ.

ಐಪಿಎಲ್ ನಡೆಯುವ ದಿನಗಳಲ್ಲಿ ಚಿನ್ನಸ್ವಾಮಿಯಲ್ಲಿ ಪಂದ್ಯವಿದ್ದರೆ ಕಸ್ತೂರ್ಬಾ ರಸ್ತೆಯ ಸುತ್ತಮುತ್ತ ಸಂಜೆ ಯಾವ ಭೇಟಿಯನ್ನೂ ಇಟ್ಟುಕೊಳ್ಳಬೇಡಿ.

ಹೆಜ್ಜೆ 4: ಗಂಟಲನ್ನು ಕಾಯಿರಿ, ಮೌನಕ್ಕೂ ಸಮಯ ಇಡಿ

ಮೊದಲ ವಾರದ ಉತ್ಸಾಹದಲ್ಲಿ ಎಲ್ಲರೂ ಕೂಗಿ ಕೂಗಿ ವಿವರಿಸುತ್ತಾರೆ. ಎರಡನೇ ವಾರ ದನಿ ಕಟ್ಟುತ್ತದೆ. ದನಿ ಹೋದ ಇಂಟರ್ನ್‌ಗೆ ಕೆಲಸವೂ ಇಲ್ಲ, ಹರಟೆಯೂ ಇಲ್ಲ. ಮೈಕ್ ಇದ್ದರೆ ನಾಚಿಕೆಪಡದೆ ಹಿಡಿಯಿರಿ. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ದನಿ ಕಟ್ಟಿದಾಗ ಪಿಸುಗುಟ್ಟಿ ಮಾತಾಡುವುದು ವಿಶ್ರಾಂತಿ ಎಂದು ಅನೇಕರು ತಿಳಿದಿದ್ದಾರೆ. ಅದೂ ಗಂಟಲಿಗೆ ಶ್ರಮವೇ. ಸುಮ್ಮನಿರುವುದೊಂದೇ ವಿಶ್ರಾಂತಿ. ಮಕ್ಕಳಿಗೆ ಪ್ರಶ್ನೆ ಎಸೆದು ಅವರಿಂದಲೇ ಮಾತಾಡಿಸುವ ಕಲೆ ಬಂದರೆ ಗಂಟಲೂ ಉಳಿಯುತ್ತದೆ, ಕಾರ್ಯಕ್ರಮವೂ ಚೆನ್ನಾಗಿರುತ್ತದೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಮಧ್ಯಾಹ್ನದ ನೆರಳು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಕಾಲಡಿಗೆ ಸೇರಿಬಿಡುತ್ತದೆ. ಈ ಎರಡು ದಿನಗಳ ನಡುವೆ, ಅಂದರೆ ಹೆಚ್ಚುಕಡಿಮೆ ನಿಮ್ಮ ಇಂಟರ್ನ್‌ಶಿಪ್ ಪೂರ್ತಿ, ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ವರ್ಷದ ಉಳಿದ ತಿಂಗಳಲ್ಲಿ ಉತ್ತರಕ್ಕೆ. ಹನ್ನೆರಡೂಕಾಲರಿಂದ ಹನ್ನೆರಡೂವರೆಯೊಳಗೆ ಅಂಗಳದಲ್ಲಿ ಒಂದು ಕೋಲು ನಿಲ್ಲಿಸಿ, ‘ನೆರಳು ಯಾವ ದಿಕ್ಕಿಗಿದೆ?’ ಎಂದು ಕೇಳಿ ಸುಮ್ಮನಾಗಿ. ಮುಂದಿನ ಹತ್ತು ನಿಮಿಷ ಮಕ್ಕಳೇ ಕಿತ್ತಾಡಿಕೊಳ್ಳುತ್ತಾರೆ. ನಿಮಗೆ ಹತ್ತು ನಿಮಿಷ ಬಿಡುವು.

ಕೆಲಸ ಮುಗಿದಮೇಲೆ ಭೇಟಿಗೆ ಮುನ್ನ ಮುಕ್ಕಾಲು ಗಂಟೆ ಯಾರೊಂದಿಗೂ ಮಾತಿಲ್ಲದ ಸಮಯ ಇಟ್ಟುಕೊಳ್ಳಿ. ಕಬ್ಬನ್ ಪಾರ್ಕಿನ ಬಿದಿರಿನ ಮೆಳೆಯ ಪಕ್ಕ ಕೂರಬಹುದು. ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿ ಎರಡು ನಿಲ್ದಾಣ ಹೆಚ್ಚಿಗೆ ಹೋಗಿ ವಾಪಸು ಬರಬಹುದು. ಸಹೋದ್ಯೋಗಿ ‘ಬಾ, ಟೀ ಕುಡಿಯೋಣ’ ಅಂದರೆ ದಿನವೂ ಹೋಗಬೇಕೆಂದಿಲ್ಲ. ಇದನ್ನು ಸೊಕ್ಕು ಎಂದು ಯಾರಾದರೂ ಭಾವಿಸಿದರೆ ಒಮ್ಮೆ ಬಾಯಿಬಿಟ್ಟು ಹೇಳಿ: ‘ಮಾತಾಡಿ ಮಾತಾಡಿ ತಲೆ ಗುಂಯ್ ಅಂತಿದೆ, ಅರ್ಧ ಗಂಟೆ ಬಿಡು.’ ಆ ಕ್ಷೇತ್ರದವರಿಗೆಲ್ಲ ಅರ್ಥವಾಗುತ್ತದೆ.

ಹೆಜ್ಜೆ 5: ಸೋಮವಾರದ ಬೆಂಗಳೂರನ್ನು ಕಲಿಯಿರಿ

ಸೋಮವಾರ ರಜೆ ಸಿಕ್ಕವರ ಪಾಡು ವಿಚಿತ್ರ. ಗೆಳೆಯರೆಲ್ಲ ಆಫೀಸಿನಲ್ಲಿ. ರಂಗಶಂಕರದಲ್ಲಿ ಅವತ್ತು ನಾಟಕವಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೂ ರಜೆ. ಕಲಾ ಸಂಗ್ರಹಾಲಯಗಳೂ ಸೋಮವಾರವೇ ಬಾಗಿಲು ಹಾಕುತ್ತವೆ, ನಿಮಗೆ ಸೋಮವಾರ ರಜೆ ಸಿಕ್ಕ ಕಾರಣಕ್ಕೇ. ಮೊದಲ ಎರಡು ಸೋಮವಾರ ಮಲಗಿ ಕಳೆದು, ಮೂರನೆಯದಕ್ಕೆ ‘ಈ ಊರಲ್ಲಿ ನನಗೆ ಯಾರೂ ಇಲ್ಲ’ ಅನ್ನಿಸತೊಡಗುತ್ತದೆ.

ಆದರೆ ಸೋಮವಾರದ ಊರಿಗೆ ಅದರದೇ ಸುಖಗಳಿವೆ. ಭಾನುವಾರ ಗಂಟೆಗಟ್ಟಲೆ ಕಾಯಿಸುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಸೋಮವಾರ ಬೆಳಿಗ್ಗೆ ಬೇಗ ಟೇಬಲ್ ಸಿಗುತ್ತದೆ (ಅವರ ರಜೆ ಶುಕ್ರವಾರ). ಲಾಲ್‌ಬಾಗಿನ ಬಂಡೆಯ ಮೇಲೆ ಸಾಕಷ್ಟು ಜಾಗ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲಿನ ಮೇಲೆ ಕೂತಾಗ ಇಂಟರ್ನ್‌ಶಿಪ್ ವರದಿಯ ಡೆಡ್‌ಲೈನ್ ಅಷ್ಟೇನೂ ಭಯಂಕರ ಅನ್ನಿಸುವುದಿಲ್ಲ. ವಾರಾಂತ್ಯದಲ್ಲಿ ವಾಹನಗಳ ಜಾತ್ರೆಯಾಗುವ ನಂದಿಬೆಟ್ಟ ಖಾಲಿ ಇರುತ್ತದೆ. ಮಾವಿನ ಕಾಲದಲ್ಲಿ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ನೂಕುನುಗ್ಗಲಿಲ್ಲದೆ ಬಾದಾಮಿ, ರಸಪುರಿ ಆರಿಸಬಹುದು. ಬನ್ನೇರುಘಟ್ಟ ಉದ್ಯಾನಕ್ಕೆ ಮಂಗಳವಾರ ರಜೆ, ಸೋಮವಾರ ತೆರೆದಿರುತ್ತದೆ.

ಜೊತೆಗೆ ಬರುವವರು ಯಾರು? ನಿಮ್ಮಂತೆಯೇ ವಾರದ ಮಧ್ಯೆ ಬಿಡುವಿರುವವರನ್ನು ಹುಡುಕಿ. ನಾಟಕದವರು, ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು, ಶಿಫ್ಟ್‌ನಲ್ಲಿ ದುಡಿಯುವ ನರ್ಸುಗಳು, ಪರೀಕ್ಷೆಗೆ ಓದುತ್ತಿರುವವರು, ನಿವೃತ್ತರಾದ ದೊಡ್ಡಪ್ಪ. ಕೊನೆಯವರನ್ನು ತಮಾಷೆಗೆ ಸೇರಿಸಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಫಿಲ್ಟರ್ ಕಾಫಿ ಕುಡಿಸಿ ಹಳೇ ಬೆಂಗಳೂರಿನ ಕತೆ ಹೇಳುವ ಪುರುಸೊತ್ತು ಈ ಊರಿನಲ್ಲಿ ಅವರಿಗೆ ಮಾತ್ರ ಇದೆ. ಮಾತೆಲ್ಲ ಅವರದೇ ಆಗಿರುವುದರಿಂದ ನಿಮ್ಮ ಗಂಟಲಿಗೂ ರಜೆ.

ವಾರದ ದಿನ ಕೆಲಸವಿರುವ ಹಳೆಯ ಗೆಳೆಯರನ್ನು ಕಳೆದುಕೊಳ್ಳದಿರಲು ಬುಧವಾರ ಅಥವಾ ಗುರುವಾರ ಸಂಜೆಯೊಂದನ್ನು ಕಾಯಂ ಮಾಡಿ. ಪ್ರತಿ ಬಾರಿ ‘ಯಾವಾಗ ಫ್ರೀ?’ ಎಂದು ಗ್ರೂಪಿನಲ್ಲಿ ಪೋಲ್ ಹಾಕುತ್ತಾ ಕೂತರೆ ಜುಲೈ ಬಂದುಬಿಡುತ್ತದೆ. ದಿನ, ಸಮಯ, ಜಾಗ ಮೂರೂ ನಿಗದಿ, ಬಂದವರು ಬಂದರು. ಎಲ್ಲರಿಗೂ ಒಂದೇ ಮೆಟ್ರೊ ಬದಲಾವಣೆಯಲ್ಲಿ ತಲುಪುವ ಜಾಗವಾಗಿರಲಿ.

ಬುಧವಾರಕ್ಕೆ ಇನ್ನೊಂದು ಆಯ್ಕೆ ಇದೆ. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳು ಬುಧವಾರ ಸಂಜೆ ನಡೆಯುತ್ತವೆ, ಜುಲೈನಲ್ಲಿ ತಿಂಗಳಿಡೀ ಉಪನ್ಯಾಸಮಾಲೆ. (ವಿಶ್ವೇಶ್ವರಯ್ಯ ಸಂಗ್ರಹಾಲಯ ಉದ್ಘಾಟನೆಯಾದದ್ದೂ ಅದೇ ವರ್ಷದ ಜುಲೈ 14ರಂದು. ಊರಿನ ವಿಜ್ಞಾನ ಪ್ರಸಾರಕ್ಕೆ ಒಳ್ಳೆಯ ವರ್ಷ.) ಐಸಿಟಿಎಸ್ (ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ) ನಡೆಸುವ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳೂ ಇವೆ. ಹೋಗಿ, ಅಲ್ಲಿ ಒಳ್ಳೆಯ ಜನ ಸಿಗುತ್ತಾರೆ. ಆದರೆ ಇದನ್ನೇ ಸಾಮಾಜಿಕ ಬದುಕು ಎಂದು ಲೆಕ್ಕಕ್ಕೆ ಹಿಡಿಯಬೇಡಿ ಎಂಬುದು ನನ್ನ ಖಡಕ್ ಅಭಿಪ್ರಾಯ. ಅಲ್ಲಿ ಕೂತಾಗಲೂ ನೀವು ‘ಈ ಸ್ಲೈಡನ್ನು ಎಂಟನೇ ಕ್ಲಾಸಿಗೆ ಹೇಗೆ ಹೇಳೋದು’ ಎಂದೇ ಯೋಚಿಸುತ್ತಿರುತ್ತೀರಿ. ಎರಡು ವಾರಕ್ಕೊಂದು ಸಾಕು. ಅದಕ್ಕೆ ಸಮನಾಗಿ ವಿಜ್ಞಾನದ ಸೋಂಕೇ ಇಲ್ಲದ್ದೊಂದು ಇರಲಿ. ಏಪ್ರಿಲ್‌ನಲ್ಲೇ ಸೇರಿದವರಿಗೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಸಂಗೀತೋತ್ಸವ ಸಿಗಬಹುದು, ಉಳಿದವರಿಗೆ ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ. ನಾಟಕ ಶುರುವಾದ ಮೇಲೆ ಅಲ್ಲಿ ಒಳಗೆ ಬಿಡುವುದಿಲ್ಲ. ಡ್ಯೂಟಿ ತಡವಾಗುವ ದಿನ ಟಿಕೆಟ್ ತೆಗೆಯಬೇಡಿ.

ಹೆಜ್ಜೆ 6: ಸಹೋದ್ಯೋಗಿಗಳು, ಮಕ್ಕಳು, ವಾಟ್ಸ್‌ಆ್ಯಪ್

ಜೊತೆಯ ಇಂಟರ್ನ್‌ಗಳೇ ಆ ಮೂರು ತಿಂಗಳ ಕುಟುಂಬವಾಗುತ್ತಾರೆ. ಒಟ್ಟಿಗೆ ಬಲೂನ್ ಊದಿ, ಒಟ್ಟಿಗೆ ಟೇಬಲ್ ಹೊತ್ತು, ಮಳೆಗೆ ಟೆಲಿಸ್ಕೋಪ್ ಮುಚ್ಚಿ ಓಡಿದವರ ನಡುವೆ ಸ್ನೇಹ ಬೇಗ ಗಟ್ಟಿಯಾಗುತ್ತದೆ. ಅಪಾಯವೂ ಅಲ್ಲೇ. ಕೆಲಸದ ಗ್ರೂಪು, ಹರಟೆಯ ಗ್ರೂಪು ಒಂದೇ ಆದರೆ ರಾತ್ರಿ ಹನ್ನೊಂದಕ್ಕೆ ಬಂದ ಮೀಮ್‌ನ ಕೆಳಗೆ ‘ನಾಳೆ ಅಯಸ್ಕಾಂತದ ಕಿಟ್ ಯಾರು ತರ್ತೀರಿ?’ ಎಂದು ಬರುತ್ತದೆ. ಮೊದಲ ವಾರವೇ ಎರಡು ಗ್ರೂಪ್ ಮಾಡಿ. ಕೆಲಸದ್ದಕ್ಕೆ ಸಂಜೆ ಎಂಟರ ನಂತರ ಮ್ಯೂಟ್, ತುರ್ತಿದ್ದರೆ ಫೋನ್. ಮೇಲ್ವಿಚಾರಕರು ಇರುವ ಗ್ರೂಪಿನಲ್ಲಿ ಅಳಲು ತೋಡಿಕೊಳ್ಳಬಾರದು ಎಂದು ಬಿಡಿಸಿ ಹೇಳಬೇಕಿಲ್ಲ ತಾನೇ?

ಮಕ್ಕಳ ವಿಷಯದಲ್ಲಿ ಗೆರೆ ಸ್ಪಷ್ಟವಾಗಿರಲಿ. ಐದು ದಿನದ ಶಿಬಿರ ಮುಗಿದಾಗ ಮಕ್ಕಳು ‘ಅಕ್ಕಾ, ಇನ್‌ಸ್ಟಾ ಐಡಿ ಕೊಡಿ’ ಎಂದು ಮುತ್ತುತ್ತಾರೆ. ಕೊಡಬೇಡಿ. ಸಂಸ್ಥೆಯ ಇಮೇಲ್ ಕೊಡಿ, ಪ್ರಶ್ನೆಗಳಿಗೆ ಅಲ್ಲೇ ಉತ್ತರಿಸಿ. ಮಕ್ಕಳ ಮುಖ ಕಾಣುವ ಫೋಟೊವನ್ನು ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ, ಎಷ್ಟೇ ಮುದ್ದಾಗಿ ಬಂದಿದ್ದರೂ. ನಿಮ್ಮ ಖಾಸಗಿ ಬದುಕಿಗೂ ಇದರಿಂದ ಬೇಲಿ ಸಿಗುತ್ತದೆ. ಪೋಷಕರು ರಾತ್ರಿ ಒಂಬತ್ತಕ್ಕೆ ಹೋಂವರ್ಕ್ ಸಂದೇಹ ಕೇಳುವುದು ತಪ್ಪುತ್ತದೆ.

ದೊಡ್ಡವರ ಕಡೆಯಿಂದ ಕಿರುಕುಳವಾದರೆ ‘ಬರೀ ಇಂಟರ್ನ್ ತಾನೆ’ ಎಂದು ನುಂಗಿಕೊಳ್ಳಬೇಕಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರು ಯಾರೆಂದು ಸೇರಿದ ವಾರವೇ ತಿಳಿದುಕೊಳ್ಳಿ.

ಗೆಳೆಯರನ್ನು ನಿಮ್ಮ ಕಾರ್ಯಕ್ರಮಕ್ಕೆ ಕರೆಯಬಹುದೇ? ಒಮ್ಮೆ ಕರೆಯಿರಿ. ನೀವು ಎಂಟು ವರ್ಷದ ಹುಡುಗನಿಗೆ ಸಪ್ತರ್ಷಿ ಮಂಡಲದಿಂದ ಸ್ವಾತಿ ನಕ್ಷತ್ರಕ್ಕೆ ದಾರಿ ತೋರಿಸುವುದನ್ನು ಕಂಡಮೇಲೆ, ಭಾನುವಾರ ಏಕೆ ಸಿಗುವುದಿಲ್ಲ ಎಂದು ಅವರು ಮತ್ತೆ ಕೇಳುವುದಿಲ್ಲ. ಪದೇ ಪದೇ ಬೇಡ. ಅವರು ಬಂದಾಗ ನಿಮ್ಮ ಗಮನ ಅತ್ತ, ಕೆಲಸ ಇತ್ತ.

ಹೆಜ್ಜೆ 7: ಬೇಗ ಇಲ್ಲ ಅನ್ನಿ

ನಮ್ಮಲ್ಲಿ ಇಲ್ಲ ಅನ್ನಲು ಸಂಕೋಚ. ‘ನೋಡ್ತೀನಿ, ಟ್ರೈ ಮಾಡ್ತೀನಿ’ ಎಂದು ಹೇಳಿ ಕೊನೇ ಗಳಿಗೆಯಲ್ಲಿ ಕೈಕೊಡುತ್ತೇವೆ. ವಾರಾಂತ್ಯದಲ್ಲಿ ದುಡಿಯುವವರು ಇದನ್ನು ಮೂರು ಸಲ ಮಾಡಿದರೆ ನಾಲ್ಕನೆಯ ಸಲ ಅವರನ್ನು ಯಾರೂ ಕರೆಯುವುದೇ ಇಲ್ಲ. ಇಲ್ಲ ಅನ್ನುವುದರ ಜೊತೆಗೇ ಬೇರೆ ದಿನವೊಂದನ್ನು ನೀವೇ ಹೇಳಿ: ‘ಭಾನುವಾರ ಆಗಲ್ಲ ಕಣೋ, ಶೋ ಇದೆ. ಗುರುವಾರ ಆರೂವರೆಗೆ ಚರ್ಚ್ ಸ್ಟ್ರೀಟ್‌ಗೆ ಬರ್ತೀನಿ, ಬರ್ತೀಯಾ?’ ಇಷ್ಟು ಹೇಳಿದವರ ಮೇಲೆ ಯಾರೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಆಫೀಸಿಗೂ ಇದೇ ಸೂತ್ರ. ಹೆಚ್ಚುವರಿ ಕಾರ್ಯಕ್ರಮ ಬಂದಾಗ ಕೈ ಎತ್ತುವ ಮೊದಲು ಕೇಳಿ: ‘ಮಾಡ್ತೀನಿ ಸರ್, ಇದರ ಬದಲು ಯಾವ ದಿನ ಬಿಡುವು?’ ಉತ್ಸಾಹಿ ಇಂಟರ್ನ್ ಸಿಕ್ಕರೆ ಎಲ್ಲ ಕೆಲಸ ಅವರ ಹೆಗಲಿಗೇ ಜಾರುವುದು ಎಲ್ಲ ಸಂಸ್ಥೆಗಳ ಸಹಜ ಗುಣ. ಅದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ, ಆದರೆ ಲೆಕ್ಕ ಇಡಬೇಕು.

ಮಳೆಯನ್ನು ಮಿತ್ರನನ್ನಾಗಿಸಿಕೊಳ್ಳಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಕಾವಿಗೆ ಮೋಡ ಕಟ್ಟಿ ಸಂಜೆ ಗುಡುಗಿನ ಮಳೆ ಸುರಿಯುತ್ತದೆ. ಜೂನ್‌ನಿಂದ ಮುಂಗಾರಿನ ಮೋಡ ಆಕಾಶವನ್ನೇ ಮುಚ್ಚುತ್ತದೆ. ಆಕಾಶ ವೀಕ್ಷಣೆ ರದ್ದಾದ ಸಂಜೆಗೆ ಹತ್ತಿರದಲ್ಲೇ ಇರುವ ಒಬ್ಬ ಗೆಳೆಯನಿಗೆ ಮೊದಲೇ ಹೇಳಿಟ್ಟಿರಿ: ‘ಮಳೆ ಬಂದ್ರೆ ಫೋನ್ ಮಾಡ್ತೀನಿ, ಬಜ್ಜಿ ತಿನ್ನೋಣ.’

ಹೆಜ್ಜೆ 8: ದುಡ್ಡು

ಸ್ಟೈಪೆಂಡ್ ತಿಂಗಳ ಕೊನೆಗೆ ಬರುತ್ತದೆಂದು ನಂಬಿ ಖರ್ಚು ಮಾಡಬೇಡಿ. ಒಂದು ತಿಂಗಳ ಖರ್ಚು ಕೈಯಲ್ಲಿರಲಿ. ಸಂಬಳದ ಗೆಳೆಯರ ಜೊತೆ ಇಂದಿರಾನಗರಕ್ಕೆ ಹೋದಾಗ ಬಿಲ್ ಸಮಪಾಲು ಮಾಡುವ ಪದ್ಧತಿ ನಿಮ್ಮನ್ನು ಮುಳುಗಿಸುತ್ತದೆ. ಜಾಗವನ್ನು ನೀವೇ ಸೂಚಿಸಿದರೆ ಸಮಸ್ಯೆಯೇ ಇಲ್ಲ: ದರ್ಶಿನಿ, ವಿ.ವಿ. ಪುರಂ ತಿಂಡಿ ಬೀದಿ, ಕಬ್ಬನ್ ಪಾರ್ಕ್.

ಹೆಜ್ಜೆ 9: ಜೂನ್ ಮೊದಲ ವಾರ ಲೆಕ್ಕ ತೆಗೆಯಿರಿ

ಶಾಲೆ ಶುರುವಾದಾಗ ನಿಮ್ಮ ದಿನಚರಿ ಬುಡಮೇಲಾಗುತ್ತದೆ. ರಾತ್ರಿ ತಡವಾಗಿ ಮಲಗುವ ಅಭ್ಯಾಸ ಹತ್ತಿದವರು ಈಗ ಬೆಳಿಗ್ಗೆ ಆರಕ್ಕೆ ಕಿಟ್ ಹೊತ್ತು ಹೊರಡಬೇಕು. ಮೇ ತಿಂಗಳ ವೇಳಾಪಟ್ಟಿಯನ್ನೇ ಎಳೆದುಕೊಂಡು ಹೋದರೆ ಎರಡು ವಾರದಲ್ಲಿ ಜ್ವರ. ಅದಕ್ಕೇ ಈ ಹೊತ್ತಿಗೆ ಒಂದು ದಿನ ನಿಂತು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಅಮ್ಮನ ಫೋನ್ ಕಂಡಾಗ ತೆಗೆಯಲು ಮನಸ್ಸಾಗುತ್ತದೆಯೇ, ಇಲ್ಲ ಕಟ್ ಮಾಡಿ ‘ಬ್ಯುಸಿ’ ಎಂದು ಮೆಸೇಜ್ ಹಾಕುತ್ತೀರೇ? ಮಗುವಿನ ಪ್ರಶ್ನೆಗೆ ಉತ್ತರಿಸುವಾಗ ಮನಸ್ಸು ಎಲ್ಲೋ ಇರುತ್ತದೆಯೇ? ಹದಿನೈದು ದಿನದಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರ ಜೊತೆಯಾದರೂ ಒಂದು ಗಂಟೆ ಕೂತಿದ್ದೀರೇ? ಉತ್ತರ ಚೆನ್ನಾಗಿಲ್ಲದಿದ್ದರೆ ಮೇಲ್ವಿಚಾರಕರ ಹತ್ತಿರ ನೇರವಾಗಿ ಮಾತಾಡಿ, ಒಂದು ವಾರ ಜನರ ಮುಂದೆ ನಿಲ್ಲದ ಕೆಲಸ ಕೇಳಿ. ಅಂಥ ಕೆಲಸಕ್ಕೆ ಬರವಿಲ್ಲ: ಕಿಟ್ ತಯಾರಿ, ಚಟುವಟಿಕೆ ಹಾಳೆಗಳ ಕನ್ನಡ ಕರಡು, ಪ್ರಾತ್ಯಕ್ಷಿಕೆಯ ವಿಡಿಯೊ ಸಂಕಲನ. ಮನಸ್ಸು ತೀರಾ ಕುಗ್ಗಿದೆ ಎನಿಸಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜೂನ್‌ನ ಖಾಲಿ ಸಂಜೆಗಳನ್ನೆಲ್ಲ ಒಮ್ಮೆಗೇ ತುಂಬಿಸುವ ಹುಮ್ಮಸ್ಸು ಬರುತ್ತದೆ. ಮೊದಲ ವಾರ ಒಂಬತ್ತಕ್ಕೆ ಮಲಗಿ. ಗೆಳೆಯರು ಎಲ್ಲಿಗೂ ಹೋಗಿರುವುದಿಲ್ಲ.

ಹೆಜ್ಜೆ 10: ಕೊನೆಯ ವಾರ

ವರದಿಯನ್ನು ಕೊನೆಗೆ ಬರೆಯುವವರ ಬೀಳ್ಕೊಡುಗೆ ಊಟ ಲ್ಯಾಪ್‌ಟಾಪ್ ಮುಂದೆ ನಡೆಯುತ್ತದೆ. ಇದನ್ನು ತಪ್ಪಿಸಲು ಮೊದಲ ದಿನದಿಂದಲೇ ಪ್ರತಿ ಕಾರ್ಯಕ್ರಮದ ನಂತರ ನಾಲ್ಕು ಸಾಲು ಬರೆದಿಡಿ: ಎಲ್ಲಿ, ಎಷ್ಟು ಮಕ್ಕಳು, ಯಾವ ಪ್ರಯೋಗ ಗೆದ್ದಿತು, ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತು ಫೋನಿನಲ್ಲೇ ಬರೆಯಬಹುದು. ಮುಗಿಯಲು ಹತ್ತು ದಿನ ಇರುವಾಗ ಅವನ್ನು ಜೋಡಿಸಿದರೆ ವರದಿ ಮುಕ್ಕಾಲು ಸಿದ್ಧ.

ಸರ್ಟಿಫಿಕೇಟಿಗೂ ಶಿಫಾರಸು ಪತ್ರಕ್ಕೂ ಹೊರಡುವ ಮುನ್ನವೇ ಕೇಳಿ. ಊರು ಸೇರಿದ ಮೇಲೆ ನೆನಪಿಸುತ್ತಾ ಕೂರುವುದು ಇಬ್ಬರಿಗೂ ಕಿರಿಕಿರಿ. ಉಳಿದ ಬದಲಿ ರಜೆಗಳನ್ನು ಕೊನೆಯ ವಾರಕ್ಕೆ ಮುಂಚೆಯೇ ಮುಗಿಸಿ, ಏಕೆಂದರೆ ಆ ವಾರ ಎಲ್ಲರೂ ರಜೆ ಕೇಳುತ್ತಾರೆ. ಮೂರು ತಿಂಗಳು ಟೀ ತಂದುಕೊಟ್ಟವರು, ಶೋ ಮುಗಿದಮೇಲೆ ಹಾಲ್ ಗುಡಿಸಿದವರು, ತಡರಾತ್ರಿ ಗೇಟ್ ತೆರೆದವರು, ಇವರೆಲ್ಲರಿಗೂ ಹೇಳಿ ಹೊರಡಿ. ಬೀಳ್ಕೊಡುಗೆ ಊಟಕ್ಕೆ ದಿನ ಗೊತ್ತುಮಾಡುವಾಗ ಭಾನುವಾರ ಬೇಡ, ಯಾರಿಗಾದರೂ ಡ್ಯೂಟಿ ಇದ್ದೇ ಇರುತ್ತದೆ. ಸೋಮವಾರ ಇಟ್ಟುಕೊಳ್ಳಿ, ಎಂಟಿಆರ್ ಬಿಟ್ಟು ಬೇರೆಲ್ಲಾದರೂ.